ಮೂರು ಹಳೆಯ ಗಾಡಿ, ಒಂದು ಟ್ರೇಲರ್: ಮೂಡಿಗೆರೆ ಕಡೆಯ ಒಂದು ಖರೀದಿ

ಕಾಫಿ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿ, 34 ಎಕರೆ. ಮೇಲೆ ಅರೇಬಿಕಾ, ಹಳ್ಳದ ಬದಿಗೆ ರೋಬಸ್ಟಾ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಮನೆ, ಕಣ, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಗುಡ್ಡದ ನೆತ್ತಿಯಲ್ಲಿ. ಫಸಲಿನ ಮುಕ್ಕಾಲು ಪಾಲು ಕೆಳಗೆ. ನಡುವೆ 1.2 ಕಿ.ಮೀ. ಮಣ್ಣಿನ ರಸ್ತೆ, ಎರಡು ಹಿಮ್ಮುರಿ ತಿರುವು, ಒಂದು ಕಡೆ ಆರು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ತುಂಡು. ಟ್ರ್ಯಾಕ್ಟರು ಟ್ರೇಲರ್ ಕಟ್ಟಿಕೊಂಡು ಎರಡನೇ ತಿರುವಿನಲ್ಲಿ ತಿರುಗುವುದಿಲ್ಲ. ಹಿಂದೆ ಇದ್ದ ಜೀಪು ಗುಜರಿಗೆ ಹೋಗಿತ್ತು. ಅದು ಎಳೆಯುತ್ತಿದ್ದ ಎರಡು ಚಕ್ರದ ಟ್ರೇಲರ್ ಮಾತ್ರ ಉಳಿದಿತ್ತು: ವೆಲ್ಡಿಂಗ್ ಶಾಪಿನಲ್ಲಿ ಕಟ್ಟಿಸಿದ್ದು, ಬ್ರೇಕ್ ಇಲ್ಲದ್ದು.

2023ರ ನವೆಂಬರ್. ಕೊಯ್ಲು ಶುರುವಾಗುವ ಮೊದಲು ಒಂದು ಹಳೆಯ ಡೀಸೆಲ್ ಫೋರ್‌ವೀಲ್ ಗಾಡಿ ಬೇಕು. ಹಣ್ಣಿನ ಚೀಲ ಮೇಲಕ್ಕೆ, ಗೊಬ್ಬರ ಕೆಳಕ್ಕೆ, ಮಳೆಗಾಲಕ್ಕೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ನೀರಿನ ಡ್ರಮ್ಮು. ಬಿಡುವಿದ್ದಾಗ ಮನೆಯವರೊಡನೆ ಘಟ್ಟದ ಕಚ್ಚಾ ರಸ್ತೆಗಳಲ್ಲಿ ಓಡಾಟ. ರಿಪೇರಿ, ಕಾಗದಪತ್ರ ಎಲ್ಲ ಸೇರಿ ಕೈಯಲ್ಲಿದ್ದದ್ದು ₹6.5 ಲಕ್ಷ.

ಮೊದಲು ವೇಬ್ರಿಜ್

ಇಂಥ ಗಾಡಿ ಹುಡುಕುವವರು ಎಷ್ಟು ಎಚ್‌ಪಿ, ಎಷ್ಟು ಟಾರ್ಕ್ ಎಂದು ಶುರುಮಾಡುತ್ತಾರೆ. ಇಲ್ಲಿ ಮೊದಲು ಮಾಡಿದ ಕೆಲಸ ಟ್ರೇಲರನ್ನು ಪೇಟೆಗೆ ಲಾರಿಯಲ್ಲಿ ಹಾಕಿಕೊಂಡು ಹೋಗಿ ತೂಗಿದ್ದು. ಖಾಲಿ 340 ಕೆ.ಜಿ. ಹಿಂದಿನ ಜೀಪಿಗೆ ರೂಢಿಯಲ್ಲಿ ಹೇರುತ್ತಿದ್ದದ್ದು 50 ಕೆ.ಜಿ.ಯ 14 ಚೀಲ. ಅಂದರೆ ಒಟ್ಟು 1,040 ಕೆ.ಜಿ.

ಈ ಭಾರವನ್ನು ಏರಿಸುವುದು ದೊಡ್ಡ ಸಮಸ್ಯೆಯೇ ಅಲ್ಲ. ಲೋ ಗೇರ್ ಇರುವ ಯಾವ ಡೀಸೆಲ್ ಜೀಪೂ ಏರಿಸುತ್ತದೆ. ಇಳಿಸುವಾಗ ಲೆಕ್ಕ ಬೇರೆ. ಆರಕ್ಕೊಂದರ ಇಳಿಜಾರಿನಲ್ಲಿ 1,040 ಕೆ.ಜಿ. ಟ್ರೇಲರ್ ಸುಮಾರು 170 ಕೆ.ಜಿ. ಬಲದಿಂದ ಗಾಡಿಯನ್ನು ಹಿಂದಿನಿಂದ ನೂಕುತ್ತದೆ. ಅದಕ್ಕೆ ಬ್ರೇಕ್ ಇಲ್ಲದಿದ್ದರೆ ಆ ನೂಕನ್ನೂ ಜೀಪಿನ ನಾಲ್ಕು ಚಕ್ರಗಳೇ ತಡೆಯಬೇಕು. ಇಬ್ಬರು ಕೂತ ಥಾರ್ ಗಾತ್ರದ ಗಾಡಿ 1,880 ಕೆ.ಜಿ. ಎಂದಿಟ್ಟುಕೊಂಡರೆ ಬ್ರೇಕಿನ ಮೇಲಿನ ಹೊರೆ ಒಮ್ಮೆಗೇ ಶೇ. 55ರಷ್ಟು ಹೆಚ್ಚು. ಒದ್ದೆ ಜೇಡಿಯಲ್ಲಿ ಟೈರು ಹಿಡಿತ ಬಿಟ್ಟರೆ ಟ್ರೇಲರ್ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ, ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಮಲೆನಾಡಿನ ತೋಟಗಳಲ್ಲಿ ಜೀಪು ಧರೆಗೆ ಉರುಳುವುದು ಹೀಗೂ ಉಂಟು, ಅದೂ ಕೆಳಗಿನ ಗದ್ದೆಗೋ ತೋಟಕ್ಕೋ ಗೊಬ್ಬರ ಒಯ್ಯುವಾಗ.

ನಮ್ಮಲ್ಲಿ ಹೆಚ್ಚಿನ ಗಾಡಿಗಳ ಪುಸ್ತಕದಲ್ಲಿ ಎಷ್ಟು ತೂಕ ಎಳೆಯಬಹುದು ಎಂದು ಬರೆದಿರುವುದೇ ಇಲ್ಲ. ಯುರೋಪಿನಲ್ಲೂ ಆಸ್ಟ್ರೇಲಿಯದಲ್ಲೂ ಬ್ರೇಕ್ ಇಲ್ಲದ ಟ್ರೇಲರಿಗೆ 750 ಕೆ.ಜಿ. ಮಿತಿ. ಅದೂ ಡಾಂಬರು ರಸ್ತೆಗೆ. ಈ ಪ್ರಕರಣದಲ್ಲಿ ಆ 750 ಅನ್ನೇ ಗೆರೆಯಾಗಿ ಇಟ್ಟುಕೊಂಡದ್ದು ಸರಿಯಾದ ತೀರ್ಮಾನ. ಹಾಗಾದರೆ ಹೇರಬಹುದಾದದ್ದು 410 ಕೆ.ಜಿ., ಅಂದರೆ 14 ಚೀಲದ ಬದಲು ಎಂಟು. ಕೊಯ್ಲು ಜೋರಾದ ದಿನ 60 ಚೀಲ ಬಂದರೆ ಐದು ಟ್ರಿಪ್ಪಿನ ಜಾಗದಲ್ಲಿ ಎಂಟು. ಹೋಗಿ ಬರಲು 25 ನಿಮಿಷ ಹಿಡಿದರೆ ಒಂದೂಕಾಲು ಗಂಟೆ ಹೆಚ್ಚು ಕೆಲಸ.

ಗೊಬ್ಬರಕ್ಕೂ ಇದೇ ಲೆಕ್ಕ. ಯೂರಿಯಾ ಚೀಲ 2018ರಿಂದ 45 ಕೆ.ಜಿ., ಉಳಿದ ಬಹುತೇಕ ಚೀಲಗಳು 50. ತೊಡಕಾದದ್ದು ನೀರಿನ ಡ್ರಮ್ಮು. 200 ಲೀಟರಿನ ಎರಡು ಡ್ರಮ್ಮು ತುಂಬಿಸಿದರೆ ಡ್ರಮ್ಮಿನ ತೂಕವೂ ಸೇರಿ 435 ಕೆ.ಜಿ.; ಗೆರೆ ದಾಟುತ್ತದೆ. ಅರ್ಧ ತುಂಬಿಸಿ ಒಯ್ಯೋಣ ಎಂದರೆ ನೀರು ತುಳುಕಿ ತಿರುವಿನಲ್ಲಿ ಟ್ರೇಲರನ್ನೇ ಎಳೆದಾಡುತ್ತದೆ. ತುಂಬಿದ ಡ್ರಮ್ಮಿಗಿಂತ ಅರೆತುಂಬಿದ್ದು ಅಪಾಯ. ಕೊನೆಗೆ ತೋಟದವರು ಟ್ರೇಲರಿನ ಬದಿಯ ಕಬ್ಬಿಣದ ಹಲಗೆಗಳನ್ನು ಬಿಚ್ಚಿಟ್ಟರು. 55 ಕೆ.ಜಿ. ಇಳಿಯಿತು, ಎರಡು ತುಂಬಿದ ಡ್ರಮ್ಮು 720ರಲ್ಲಿ ಕೂತಿತು.

ತೂಕ ಗೊತ್ತಾದ ಮೇಲೆ ದೊಡ್ಡ ಗಾಡಿಯ ಆಸೆ ತಾನಾಗಿ ಇಳಿಯಿತು. ಟೊಯೋಟಾ ಫಾರ್ಚುನರ್ 3.0, 171 ಎಚ್‌ಪಿ, ಸದಾ ನಾಲ್ಕೂ ಚಕ್ರಕ್ಕೆ ಓಟ. ಎಳೆಯಲು ಇದಕ್ಕಿಂತ ಒಳ್ಳೆಯ ಹಳೆಯ ಗಾಡಿ ಈ ನಾಡಿನಲ್ಲಿ ಕಡಿಮೆ. ಆದರೆ 1,840 ಮಿ.ಮೀ. ಅಗಲ, ಬಜೆಟ್ ಮೀರಿದ ಬೆಲೆ. ಇಸುಜು ವಿ-ಕ್ರಾಸ್ 5.3 ಮೀಟರ್ ಉದ್ದ. ಟ್ರ್ಯಾಕ್ಟರು ತಿರುಗದ ಕಡೆ ಇದೂ ತಿರುಗದು. ಫೋರ್ಸ್ ಗೂರ್ಖಾಕ್ಕೆ ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ ಲಾಕ್ (ಎಡಬಲದ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಬೀಗ) ಇವೆ, ಕೆಸರಿಗೆ ಅದೇ ರಾಜ, ಆದರೆ ಹಳೆಯದು ಮಾರಾಟಕ್ಕೆ ಬರುವುದೇ ಅಪರೂಪ. 2020ರ ಹೊಸ ಥಾರ್ ಬೆಲೆಯಲ್ಲೇ ಹೊರಗೆ. ಉಳಿದದ್ದು ಎರಡು: 2010ರಲ್ಲಿ ಬಂದ, ಕಾಮನ್ ರೇಲ್ ಡೀಸೆಲ್ ಎಂಜಿನ್ನಿನ ಥಾರ್ ಸಿಆರ್‌ಡಿಇ ಮತ್ತು ಸ್ಕಾರ್ಪಿಯೊ ಫೋರ್‌ವೀಲ್.

ಥಾರ್ ಸಿಆರ್‌ಡಿಇ 2.5 ಲೀಟರಿನ ಎಂಜಿನ್, 105 ಎಚ್‌ಪಿ, ಟಾರ್ಕ್ 247 ಎನ್‌ಎಂ. ಐದು ಗೇರು, ಕೈಯಿಂದ ಹಾಕುವ ಫೋರ್‌ವೀಲ್ ಲಿವರ್, ಲೋ ಹಾಕಿದರೆ ಎಳೆತ 2.48 ಪಟ್ಟು. ಅಗಲ 1,726 ಮಿ.ಮೀ., ಉದ್ದ 3.92 ಮೀಟರ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗು). ಹಿಂದಿನ ಹೌಸಿಂಗಿಗೆ (ಆಕ್ಸಲಿನ ಕವಚಕ್ಕೆ) ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಬಂದದ್ದು 2015ರ ಮಾದರಿಯಿಂದ. ಅದಕ್ಕೆ ಹಿಂದಿನದರಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದೇ ಸುತ್ತುತ್ತಿರುತ್ತದೆ.

ಮೂರು ಗಾಡಿ

ಮೊದಲನೆಯದು 2013ರ ಸ್ಕಾರ್ಪಿಯೊ, ದೆಹಲಿ ನಂಬರು, ಬೆಂಗಳೂರಿನ ಡೀಲರ್ ಹತ್ತಿರ, ₹3.9 ಲಕ್ಷ. ಅಷ್ಟು ಅಗ್ಗ ಏಕೆಂದರೆ ರಾಜಧಾನಿ ವಲಯದಲ್ಲಿ ಆಗ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡುವಂತಿರಲಿಲ್ಲ. ಹಸಿರು ನ್ಯಾಯಮಂಡಳಿಯ ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಹೀಗಾಗಿ ಹತ್ತಿರಹತ್ತಿರ ಹತ್ತು ತುಂಬಿದ ಗಾಡಿಗಳು ದಕ್ಷಿಣಕ್ಕೆ ಹರಿದು ಬರುತ್ತಿದ್ದವು. ತುಕ್ಕು ಕಡಿಮೆ, ನೋಡಲು ಚೆಂದ. ಆದರೆ ಇಲ್ಲಿ ನೋಂದಾಯಿಸಲು ಎನ್‌ಒಸಿ ಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ತೆರಿಗೆ ಲೆಕ್ಕ ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. ಡೀಲರ್ ಹೇಳಿದ ಅಂದಾಜು ನಂಬದೆ ಆರ್‌ಟಿಒದಲ್ಲೇ ಕೇಳಬೇಕು.

ಈ ಗಾಡಿ ಸೋತದ್ದು ಮಾತ್ರ ಬೇರೆ ಕಾರಣಕ್ಕೆ. ಸ್ಕಾರ್ಪಿಯೊದಲ್ಲಿ ಫೋರ್‌ವೀಲ್ ಹಾಕುವುದು ಡ್ಯಾಶಿನ ಗುಂಡಿ ತಿರುಗಿಸಿ. ಕೆಳಗೆ ಒಂದು ಮೋಟಾರು ಗೇರು ಬದಲಿಸುತ್ತದೆ. ನಗರದಲ್ಲೇ ಓಡಿದ ಗಾಡಿಯಲ್ಲಿ ಆ ಮೋಟಾರು ವರ್ಷಗಟ್ಟಲೆ ಅಲುಗಿರುವುದಿಲ್ಲ. ಗುಂಡಿ ತಿರುಗಿಸಿದಾಗ ದೀಪ ಮಿನುಗುತ್ತಲೇ ಇತ್ತು, ಸ್ಥಿರವಾಗಿ ಹತ್ತಲಿಲ್ಲ. “ಬ್ಯಾಟರಿ ವೀಕ್ ಸಾರ್, ಅದಕ್ಕೇ ಹಾಗೆ” ಎಂಬ ಸಮಜಾಯಿಷಿ ಬಂತು. ಬ್ಯಾಟರಿಯೇ ಕಾರಣವಿರಬಹುದು, ಮೋಟಾರೂ ಇರಬಹುದು, ಟ್ರಾನ್ಸ್‌ಫರ್ ಕೇಸೇ (ಮುಂದಿನ ಚಕ್ರಗಳಿಗೂ ಓಟ ಹಂಚುವ ಪೆಟ್ಟಿಗೆ) ಹಿಡಿದಿರಲೂಬಹುದು. ಹಾಕಿ ತೋರಿಸದ ಫೋರ್‌ವೀಲನ್ನು ಇಲ್ಲವೆಂದೇ ಎಣಿಸಿ ಬೆಲೆ ಕಟ್ಟಬೇಕು. ಹಾಗೆ ಕಟ್ಟಿದರೆ 3.9 ದುಬಾರಿ.

ಎರಡನೆಯದು ಹಾಸನದ 2016ರ ಥಾರ್. ಹಿಂದೆ ಲಾಕಿಂಗ್ ಡಿಫರೆನ್ಷಿಯಲ್ ಇರುವ ಮಾದರಿ, 92,000 ಕಿ.ಮೀ., ಕೇಳಿದ್ದು ₹6.9 ಲಕ್ಷ. ಎತ್ತರಿಸಿದ ಸಸ್ಪೆನ್ಷನ್, 31 ಇಂಚಿನ ಟೈರು, ಕಬ್ಬಿಣದ ಬಂಪರು, ಮೇಲೆ ಲೈಟಿನ ಸಾಲು. ಫೋಟೊದಲ್ಲಿ ಯಾರನ್ನಾದರೂ ಮರುಳು ಮಾಡುವಂಥದ್ದು.

ಕಂಪನಿಯ 235/70 ಆರ್16 ಟೈರಿನ ಎತ್ತರ 735 ಮಿ.ಮೀ. 31 ಇಂಚು ಎಂದರೆ 787. ಶೇ. 7ರಷ್ಟು ದೊಡ್ಡದು. ಅಂದರೆ ಪ್ರತಿ ಗೇರೂ ಅಷ್ಟೇ ಪಾಲು ಸೋತಿದೆ, ಅದೇ ಬ್ರೇಕು ಇನ್ನೂ ದೊಡ್ಡ ಚಕ್ರವನ್ನು ಹಿಡಿಯಬೇಕು, ಮೀಟರು ಸುಮಾರು ಶೇ. 7ರಷ್ಟು ಕಡಿಮೆ ಓದುತ್ತಿದೆ. ಆ ಟೈರು ಮೊದಲಿಂದ ಇದ್ದಿದ್ದರೆ ಮೀಟರಿನ 92,000 ನಿಜದಲ್ಲಿ 98,000ದ ಹತ್ತಿರ. ಟ್ರೇಲರ್ ಎಳೆಯುವವನಿಗೆ ದೊಡ್ಡ ಟೈರು ಲಾಭವಲ್ಲ, ಗೇರು ಕೊಟ್ಟು ಕೊಂಡ ಅಂದ.

ಮುಂಭಾಗ ಎತ್ತರಿಸಿದ್ದು ಟಾರ್ಷನ್ ಬಾರಿನ ಬೋಲ್ಟ್ ಬಿಗಿದು. ಅದರಿಂದ ಮುಂದಿನ ಡ್ರೈವ್ ಶಾಫ್ಟುಗಳು ಸದಾ ಓರೆಯಾಗಿ ಸುತ್ತುತ್ತವೆ, ರಬ್ಬರ್ ಬೂಟು ಬಿರಿಯುತ್ತದೆ, ಒಳಗಿನ ಗ್ರೀಸು ಹಾರಿ ಕೆಸರು ಒಳಹೋಗುತ್ತದೆ. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸಿನ ಚುಕ್ಕೆಗಳ ವೃತ್ತ ಕಂಡರೆ ಬೂಟು ಹರಿದು ಬಹಳ ಕಾಲವಾಯಿತು ಎಂದರ್ಥ. ಇಲ್ಲಿ ಎರಡೂ ಕಡೆ ಇತ್ತು. ಕಂಪನಿ ಕೊಟ್ಟ ರೂಪಕ್ಕಿಂತ ಭಿನ್ನವಾಗಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಕಬ್ಬಿಣದ ಬುಲ್ ಬಾರಿಗೆ 2017ರ ಡಿಸೆಂಬರಿನಿಂದ ಕೇಂದ್ರದ ನಿಷೇಧವಿದೆ. ಅಪಘಾತವಾದರೆ ವಿಮೆಯವರಿಗೆ ಇದೇ ನೆಪ.

ಇವೆಲ್ಲ ಚೌಕಾಸಿಯಲ್ಲಿ ಮುಗಿಯುವ ಮಾತು. ಮುಗಿಯದ್ದು ಒಂದು. ಹಿಂದಿನ ಅಡ್ಡತೊಲೆಗೆ ಎಳೆಯುವ ಕೊಕ್ಕೆ ವೆಲ್ಡ್ ಮಾಡಿದ್ದರು. ಹೊಸ ಅಂಡರ್ ಕೋಟಿಂಗ್ ಬಳಿದು ನುಣ್ಣಗಾಗಿತ್ತು. ವೈರ್ ಬ್ರಷ್‌ನಿಂದ ಕೈಯಗಲ ಉಜ್ಜಿ, ಡೀಸೆಲ್ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ಹತ್ತು ನಿಮಿಷ ಬಿಟ್ಟಾಗ ವೆಲ್ಡಿನ ಅಂಚಿನಿಂದ ಕೂದಲೆಳೆಯಷ್ಟು ಕಪ್ಪು ಗೆರೆ ಎರಡು ಇಂಚು ಓಡಿತು. ಬಿರುಕಿನೊಳಗೆ ಇಳಿದ ಡೀಸೆಲ್ ಪುಡಿಗೆ ಹತ್ತಿ ಹೊರಬರುವ ಗೆರೆ ಅದು. ವೆಲ್ಡಿನ ಕಾವು ತಾಗಿದ ಕಡೆ ಚಾಸಿಯ ತಗಡು ಬಿರುಸಾಗುತ್ತದೆ, ಜಗ್ಗಿದಾಗ ಅಲ್ಲೇ ಸೀಳುತ್ತದೆ. ಟ್ರೇಲರ್ ಕಟ್ಟಬೇಕಾದ ಜಾಗವೇ ಅದು. ಮಾತುಕತೆ ಅಲ್ಲಿಗೆ ನಿಂತಿತು.

ಕೊಂಡದ್ದು ಮೂರನೆಯದನ್ನು

ಸಕಲೇಶಪುರದ ತೋಟವೊಂದರ 2013ರ ಥಾರ್, ಕೆಎ-46, ಒಂದೇ ಮಾಲೀಕತ್ವ, 1.18 ಲಕ್ಷ ಕಿ.ಮೀ., ಕೇಳಿದ್ದು ₹5.4 ಲಕ್ಷ. ಬಣ್ಣ ಮಾಸಿದೆ, ಎಡಗಡೆ ತಳದಲ್ಲಿ ಕಾಲಿಟ್ಟರೆ ನೆಲ ಕಾಣುವ ತೂತು, ಟಾರ್ಪಾಲು ಹರಿದಿದೆ. ಲಾಕಿಂಗ್ ಡಿಫರೆನ್ಷಿಯಲ್ ಇಲ್ಲ. ಎಲ್ಲ ಬೋಲ್ಟುಗಳೂ ಕಂಪನಿಯವು.

ಫೋನಿನಲ್ಲೇ ಒಂದು ಮಾತು ಹೇಳಿಯಾಗಿತ್ತು: “ಅಣ್ಣಾ, ಬೆಳಿಗ್ಗೆ ಏಳಕ್ಕೆ ಬರ್ತೀವಿ. ನಾವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡ್ಬೇಡಿ.” ಡೀಸೆಲ್ ಎಂಜಿನ್ನಿನ ಅರ್ಧ ರೋಗ ತಣ್ಣಗಿದ್ದಾಗ ಮಾತ್ರ ಬಾಯಿಬಿಡುತ್ತದೆ. ಹೋದೊಡನೆ ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಡಬೇಕು. ಬಿಸಿ ಇದ್ದರೆ ಇನ್ನೊಂದು ದಿನ ಬರುವುದೇ ಲೇಸು.

ಗಾಡಿ ತಣ್ಣಗಿತ್ತು. ಹೀಟರ್ ದೀಪ ಆರಿದ ಮೇಲೆ ಕೀಲಿ ತಿರುಗಿಸಿದರೆ ಎರಡು ಸೆಕೆಂಡಿನಲ್ಲಿ ಹಿಡಿಯಬೇಕು. ಇದು ನಾಲ್ಕು ತೆಗೆದುಕೊಂಡಿತು. ಒಂದು ಉಗುಳು ಬಿಳಿ ಹೊಗೆ, ಮೊದಲ ಅರ್ಧ ನಿಮಿಷ ಒಂದು ಸಿಲಿಂಡರ್ ತಪ್ಪಿದಂಥ ನಡುಕ. ಬಿಳಿ ಹೊಗೆ ಉರಿಯದ ಡೀಸೆಲ್. ನೀಲಿ ಇದ್ದರೆ ಆಯಿಲ್, ಟರ್ಬೋದ್ದೋ ರಿಂಗಿನದೋ. ಏರಿನಲ್ಲಿ ದಟ್ಟ ಕಪ್ಪು, ಜೊತೆಗೆ ಎಳೆತವೂ ಇಲ್ಲ ಎಂದರೆ ಗಾಳಿ ಸಾಲುತ್ತಿಲ್ಲ. ಮೊದಲು ಇಂಟರ್‌ಕೂಲರಿನ ಹೋಸು ಹರಿದಿದೆಯೇ ನೋಡಿ. ಇನ್ನೂರು ರೂಪಾಯಿಯ ಕ್ಲಿಪ್ಪಿನಲ್ಲಿ ಮುಗಿಯುವುದನ್ನು ಟರ್ಬೋ ಹೋಯಿತೆಂದು ಹೇಳಿ ಮಾರುವವರೂ ಇದ್ದಾರೆ, ರಿಪೇರಿ ಮಾಡುವವರೂ ಇದ್ದಾರೆ.

ಮುಂದಿನದು ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ ರಿಂಗು ದಾಟಿ ಕೆಳಗೆ ಸೋರುವುದು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ ಮೇಲೆ ಹಾಗೇ ಇಡಬೇಕು. ಅಲ್ಲೇ ಸಣ್ಣಗೆ ಕುಣಿದರೆ ಸರಿ. ಹಾರಿ ಬಿದ್ದರೆ, ಇಲ್ಲವೇ ರೈಲಿನಂತೆ ಹೊಗೆ ಕಾರಿದರೆ ರಿಂಗು, ಲೈನರ್ ಸವೆದಿವೆ. ಇಲ್ಲಿ ಕುಣಿಯಿತು ಅಷ್ಟೆ. ಡಿಪ್‌ಸ್ಟಿಕ್ಕಿನ ಆಯಿಲ್ ಕಪ್ಪಗಿರುವುದು ಡೀಸೆಲ್ಲಿನಲ್ಲಿ ರೋಗವಲ್ಲ. ಹಾಲು ಹಾಕಿದ ಕಾಫಿ ಬಣ್ಣವಿದ್ದರೆ ನೀರು ಸೇರಿದೆ.

ನಡುಕಕ್ಕೆ ಕಾರಣ ಸಿಕ್ಕಿದ್ದು ಬಾಟಲಿಯಲ್ಲಿ. ಕಾಮನ್ ರೇಲ್ ಎಂಜಿನ್ನಿನಲ್ಲಿ ಪ್ರತಿ ಇಂಜೆಕ್ಟರಿನಿಂದ ಸ್ವಲ್ಪ ಡೀಸೆಲ್ ಹಿಂದಕ್ಕೆ ಹರಿಯುತ್ತದೆ. ಆ ನಾಲ್ಕು ಸಣ್ಣ ಪೈಪು ಬಿಚ್ಚಿ ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಟ್ಟು ಮೂರು ನಿಮಿಷ ಓಡಿಸಿದರೆ ಎಲ್ಲವೂ ಹೆಚ್ಚುಕಡಿಮೆ ಸಮ ತುಂಬಬೇಕು. ಮೂರನೆಯದು ಉಳಿದವುಗಳ ಎರಡರಷ್ಟು ತುಂಬಿತು. ಆ ಇಂಜೆಕ್ಟರ್ ಸವೆದು ಒತ್ತಡ ಸೋರುತ್ತಿದೆ, ಅದಕ್ಕೇ ತಣ್ಣಗಿದ್ದಾಗ ಹಿಡಿಯಲು ತಡ. ನಾಲ್ಕೂ ಬಾಟಲಿಗಳ ಫೋಟೊ ಮುಂದೆ ಚೌಕಾಸಿಯಲ್ಲಿ ಮಾತನಾಡಿತು.

ಎಳೆಯುವ ಗಾಡಿಯಲ್ಲಿ ಮೊದಲು ಸಾಯುವುದು ಕ್ಲಚ್. ಪರೀಕ್ಷೆ ಸುಲಭ: ಸಮತಟ್ಟಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರು ಹಾಕಿ, 1,500 ಸುತ್ತಿನಲ್ಲಿ ಕ್ಲಚ್ ಬಿಡಿ. ಎಂಜಿನ್ ಕೂಡಲೇ ಬಂದ್ ಬೀಳಬೇಕು. ಇಲ್ಲಿ ಒಂದೆರಡು ಸೆಕೆಂಡು ಎಳೆದಾಡಿ ಬಂದ್ ಆಯಿತು, ಸುಟ್ಟ ವಾಸನೆಯೂ ಬಂತು. ಒಮ್ಮೆ ಸಾಕು, ಎರಡನೇ ಸಲ ಮಾಡಿದರೆ ಇನ್ನೂ ನಿಮ್ಮದಾಗದ ಗಾಡಿಯ ಕ್ಲಚ್ಚನ್ನು ನೀವೇ ಮುಗಿಸಿದಂತೆ.

ಫೋರ್‌ವೀಲ್ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬಾರದು. ಥಾರಿನಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ಒಣ ರಸ್ತೆಯಲ್ಲಿ ತಿರುಗಿಸಿದರೆ ಶಾಫ್ಟುಗಳು ಒಂದಕ್ಕೊಂದು ಹುರಿಗೊಳ್ಳುತ್ತವೆ. ದೀಪ ಹತ್ತಿತು ಎಂದು ನಂಬುವುದೂ ತಪ್ಪು. ಲಿವರ್ ಎಲ್ಲಿದೆ ಎಂಬುದಷ್ಟೇ ದೀಪಕ್ಕೆ ಗೊತ್ತು. ಖಚಿತ ದಾರಿ ಹೀಗೆ: ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಬಂದ್ ಮಾಡಿ, ಮುಂದಿನ ಒಂದು ಚಕ್ರ ಮಾತ್ರ ಜಾಕಿನಲ್ಲಿ ಎತ್ತಿ. ಟೂವೀಲಿನಲ್ಲಿದ್ದಾಗ ಆ ಚಕ್ರ ಕೈಯಲ್ಲಿ ತಿರುಗಬೇಕು. ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಓಟ, ಲೋ ಇಲ್ಲದೆ) ಹಾಕಿ ಒಂದನೇ ಗೇರಿನಲ್ಲಿಟ್ಟರೆ ಅದು ಗಟ್ಟಿಯಾಗಿ ನಿಲ್ಲಬೇಕು. ಲೋದಲ್ಲೂ ಹಾಗೇ. ಫೋರ್‌ವೀಲಿನಲ್ಲೂ ಚಕ್ರ ಸಲೀಸಾಗಿ ತಿರುಗಿದರೆ ಮುಂದಕ್ಕೆ ಓಟ ತಲುಪುತ್ತಿಲ್ಲ. ತಿರುಗಿಸುವಾಗ ಅಂಗೈಗೆ ಸಿಗುವ ಸಡಿಲವೂ ಹೇಳುತ್ತದೆ: ಒಂದೆರಡು ಬೆರಳಗಲ ಸಹಜ, ಅಂಗೈಯಗಲ ಆಡಿದರೆ ಕ್ರಾಸ್ (ಶಾಫ್ಟಿನ ಕೀಲು) ಅಥವಾ ಕ್ರೌನ್ ಪಿನಿಯನ್ (ಹೌಸಿಂಗಿನೊಳಗಿನ ಗೇರು) ಸವೆದಿದೆ. ಇಲ್ಲಿ ಫೋರ್‌ವೀಲ್ ಪಕ್ಕಾ ಇತ್ತು, ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಒಂದು ಕಟಕಟ ಎನ್ನುತ್ತಿತ್ತು. ಬಳಿಕ ಕೆಸರಿನಲ್ಲಿ ಫೋರ್ ಲೋ ಹಾಕಿ ಏರು ಹತ್ತಿಸಿ, ಅದೇ ಏರಿನಲ್ಲಿ ಬ್ರೇಕ್ ಮುಟ್ಟದೆ ಒಂದನೇ ಗೇರಿನಲ್ಲಿ ಇಳಿಸಿದ್ದಾಯಿತು. ಇಳಿಯುವಾಗ ಗೇರು ಹಾರಿ ನ್ಯೂಟ್ರಲಿಗೆ ಬೀಳುವ ಗಾಡಿಗಳಿವೆ. ಅಂಥದನ್ನು ಬಿಟ್ಟಿ ಕೊಟ್ಟರೂ ಟ್ರೇಲರ್ ಕಟ್ಟಬಾರದು.

ಹಿಂದಿನ ಹೌಸಿಂಗಿನ ಮೇಲಿನ ಬೋಲ್ಟ್ ಬಿಚ್ಚಿ ಬೆರಳು ಹಾಕಿದಾಗ ಆಯಿಲ್ ಜೇನಿನ ಬಣ್ಣದಲ್ಲಿತ್ತು. ಬೂದಿ ಕಲಸಿದಂತಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ. ಬಿಸಿ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದಲೇ, ಅಂದರೆ ಗಾಳಿ ಆಡುವ ಸಣ್ಣ ಬಾಯಿಂದಲೇ, ನೀರು ಹೀರುತ್ತದೆ.

ತಳದ ತೂತಿನ ಬಗ್ಗೆ ಒಂದು ಮಾತು. ಮಲೆನಾಡಿನ ಥಾರಿನಲ್ಲಿ ತಳದ ತಗಡು, ಗಾಜಿನ ಚೌಕಟ್ಟಿನ ಬುಡ ತುಕ್ಕು ಹಿಡಿಯುವುದು ಮಾಮೂಲು. ಬಾಡಿ ಬೇರೆ, ಚಾಸಿ ಬೇರೆ. ತಗಡನ್ನು ಟಿಂಕರಿಂಗ್‌ನವರು ಎರಡು ದಿನದಲ್ಲಿ ಕೂರಿಸುತ್ತಾರೆ. ಚಾಸಿಗೆ ಸುತ್ತಿಗೆಯಿಂದ ಅಂಗೈಯಗಲಕ್ಕೊಂದರಂತೆ ತಟ್ಟುತ್ತಾ ಹೋಗಬೇಕು. ಗಂಟೆಯಂತೆ ಕೇಳಿದರೆ ಸರಿ, ಮಡಕೆಯಂತೆ ಮಂಕಾದರೆ ಒಳಗೆ ಕೆಸರು ಕೂತು ತಿಂದಿದೆ. ಪ್ಲೇಟ್ ಸೆಟ್ಟಿನ ಶ್ಯಾಕಲ್ ಕೂರುವ ಜಾಗ, ಹಿಂದಿನ ಅಡ್ಡತೊಲೆಯ ಮೂಲೆ, ಸ್ಟೀರಿಂಗ್ ಬಾಕ್ಸ್ ಬಿಗಿದ ಕಡೆ ತಪ್ಪದೆ ನೋಡಬೇಕು. ಕರಾವಳಿಯ ಗಾಡಿಗಳಲ್ಲಿ ತುಕ್ಕು ಶುರುವಾಗುವುದೇ ಇಲ್ಲಿಂದ. ಈ ಗಾಡಿ ಎಲ್ಲ ಕಡೆ ಗಂಟೆ ಬಾರಿಸಿತು.

ಮಾಲೀಕರೊಡನೆ ತುಕ್ಕಿನ ಬಗ್ಗೆ ಚೌಕಾಸಿ ಮಾಡಲಿಲ್ಲ. ಅದು ಅವರಿಗೂ ಕಾಣುತ್ತಿತ್ತು, 5.4ರಲ್ಲೇ ಕಳೆದಿದ್ದರು. ಕ್ಲಚ್, ಇಂಜೆಕ್ಟರ್, ಕ್ರಾಸ್ ಮೂರನ್ನೂ ತೋರಿಸಿ, ಮೆಕ್ಯಾನಿಕ್ ಬರೆದುಕೊಟ್ಟ ಅಂದಾಜನ್ನು ಮುಂದಿಟ್ಟದ್ದಕ್ಕೆ ₹4.85 ಲಕ್ಷಕ್ಕೆ ಒಪ್ಪಿದರು.

ಕಾಗದ ಚೊಕ್ಕವಾಗಿತ್ತು. ಹೆಸರು ವರ್ಗಾವಣೆಗೆ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30; ಹಿಂದೆ ಬ್ಯಾಂಕ್ ಸಾಲವಿದ್ದುದರಿಂದ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಎಚ್‌ಪಿ (ಇಲ್ಲಿ ಸಾಲದ ಅಡಮಾನದ ನಮೂದು) ಕ್ಯಾನ್ಸಲ್ ಆಗದೆ ಉಳಿದಿರುವುದು ಬಹಳ ಸಾಮಾನ್ಯ. ಹಣದ ಕೊನೆಯ ಕಂತು ಅದಾದ ಮೇಲೇ ಕೊಡಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಡಬೇಕು. 2013ರ ನೋಂದಣಿ 2028ಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣದ ಫಾರ್ಮ್ 25, ಗಾಡಿಯ ತಪಾಸಣೆ, 2022ರಲ್ಲಿ ₹5,000ಕ್ಕೆ ಏರಿದ ಶುಲ್ಕ. ಬೆಲೆ ಕಟ್ಟುವಾಗ ಈ ಉಳಿದ ವರ್ಷಗಳನ್ನು ಎಣಿಸದವರೇ ಹೆಚ್ಚು.

ಓಡಿಸುವ ಮೊದಲು

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಲಿ ಸೇರಿ ₹16,500. ಕಂಪನಿ ಅಳತೆಯದೇ ಆಲ್ ಟೆರೇನ್ ಟೈರು ನಾಲ್ಕು, ₹38,000. ಒಂದು ಇಂಜೆಕ್ಟರ್ ರಿಪೇರಿ, ಉಳಿದವು ಕ್ಲೀನಿಂಗ್, ₹13,000. ಕ್ರಾಸ್‌ಗಳು ಮತ್ತು ಮುಂದಿನ ಬಾಲ್ ಜಾಯಿಂಟ್ ₹12,500. ಬ್ರೇಕ್ ಪ್ಯಾಡ್, ಲೈನರ್, ಬ್ರೇಕ್ ಆಯಿಲ್ ₹9,000. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗ್ ಆಯಿಲ್, ಫಿಲ್ಟರ್, ಬೆಲ್ಟ್ ₹14,000. ತಳದ ಟಿಂಕರಿಂಗ್ ₹11,000, ಬ್ಯಾಟರಿ ₹7,500. ಒಟ್ಟು ₹1,21,500. ಟ್ರೇಲರ್ ಕೊಂಡಿ, ವೈರಿಂಗ್ ₹10,500. ಹೆಸರು ವರ್ಗಾವಣೆ ಮತ್ತು ವಿಮೆ ₹17,000. ಎಲ್ಲ ಸೇರಿ ₹6.34 ಲಕ್ಷ.

ಕೊಂಡಿಯನ್ನು ವೆಲ್ಡ್ ಮಾಡಲಿಲ್ಲ. ಎರಡು ಚಾಸಿ ತೊಲೆಗಳಿಗೂ ತಲುಪುವ ಅಡ್ಡಪಟ್ಟಿಗೆ ಒಳಗಿನಿಂದ ದಪ್ಪ ಪ್ಲೇಟು ಕೊಟ್ಟು ಬೋಲ್ಟ್ ಬಿಗಿದು, ನಡುವೆ ಟ್ರೇಲರ್ ಕೂರಿಸುವ 50 ಮಿ.ಮೀ. ಗುಂಡು. ಟ್ರೇಲರ್ ಸಮತಟ್ಟಾಗಿ ನಿಂತಾಗ ಅದರ ಮೂಗು, ಅಂದರೆ ಮುಂತುದಿ, ಗುಂಡಿನ ಮೇಲೆ ಒಟ್ಟು ತೂಕದ ಹತ್ತನೇ ಒಂದು ಪಾಲು ಕೂರಬೇಕು, ಇಲ್ಲಿ ಸುಮಾರು 75 ಕೆ.ಜಿ. ಅಳೆಯಲು ಮನೆಯ ತೂಕದ ಯಂತ್ರ ಸಾಕು: ಮೇಲೆ ಮರದ ತುಂಡು ನಿಲ್ಲಿಸಿ ಕೊಂಡಿಯಷ್ಟೇ ಎತ್ತರದಲ್ಲಿ ಮೂಗನ್ನು ಕೂರಿಸಿ ಓದಿಕೊಳ್ಳುವುದು. ಚೀಲಗಳನ್ನು ಹಿಂದಕ್ಕೆ ಹೇರಿದರೆ ಮೂಗು ಹಗುರಾಗಿ ಟ್ರೇಲರ್ ಬಾಲ ಬೀಸುತ್ತದೆ. ತೀರಾ ಮುಂದಕ್ಕೆ ಹೇರಿದರೂ ಕಷ್ಟ. ಥಾರಿನ ಚಕ್ರಗಳ ನಡುವಿನ ಅಂತರ 2.43 ಮೀಟರ್, ಗುಂಡು ಹಿಂದಿನ ಆಕ್ಸಲಿನಿಂದ 85 ಸೆ.ಮೀ. ಆಚೆ. 75 ಕೆ.ಜಿ. ಅಲ್ಲಿ ಕೂತರೆ ಮುಂದಿನ ಚಕ್ರಗಳಿಂದ 26 ಕೆ.ಜಿ. ಎದ್ದುಹೋಗುತ್ತದೆ, ಹಿಂದಕ್ಕೆ 101 ಸೇರುತ್ತದೆ. ಏರಿನಲ್ಲಿ ಸ್ಟೀರಿಂಗ್ ಹಗುರವಾದಂತೆ ಅನ್ನಿಸುವುದು ಇದರಿಂದಲೇ.

ಮೂಗಿನಿಂದ ಚಾಸಿಗೆ ಎರಡು ಸರಪಳಿ, ಒಂದಕ್ಕೊಂದು ಅಡ್ಡ ಹಾಯಿಸಿ. ಗುಂಡು ಕಳಚಿದರೂ ಮೂಗು ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ, ನೆಲಕ್ಕೆ ನಾಟುವುದಿಲ್ಲ. ಸಿಕ್ಕಿಬಿದ್ದ ಗಾಡಿಯನ್ನು ಜಗ್ಗಲು ಆ ಗುಂಡನ್ನು ಎಂದೂ ಬಳಸಬಾರದು. ಅದು ಮುರಿದರೆ ಗುಂಡೇಟಿನಂತೆ ಹಾರುತ್ತದೆ, ಹೊರದೇಶಗಳಲ್ಲಿ ಜನ ಸತ್ತಿದ್ದಾರೆ. ಜಗ್ಗಲು ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆ ಬೇರೆ ಇರಬೇಕು.

ಟ್ರೇಲರಿಗೂ ಥಾರಿನ ಹಬ್ಬು, ರಿಮ್ಮು ಹಾಕಿಸಿದ್ದು ಜಾಣತನ. ಒಂದೇ ಸ್ಟೆಪ್ನಿ ಎರಡಕ್ಕೂ ಬರುತ್ತದೆ. ಟ್ರೇಲರ್ ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ಮೋಟಾರು ವಾಹನ, ಸಾರ್ವಜನಿಕ ರಸ್ತೆಗೆ ಬರಬೇಕಾದರೆ ಅದಕ್ಕೇ ನೋಂದಣಿ, ವಿಮೆ ಬೇಕು. ಇದಕ್ಕೆ ಇಲ್ಲದ್ದರಿಂದ ತೋಟದ ಗೇಟು ದಾಟುವುದಿಲ್ಲ.

ಒಂದು ಕೊಯ್ಲು

ಇಳಿಯುವ ಕ್ರಮವನ್ನು ಡ್ರೈವರಿಗೆ ಬರೆದೇ ಕೊಟ್ಟಿದ್ದರು. ಇಳಿಜಾರು ಶುರುವಾಗುವ ಮೊದಲೇ ನಿಂತು ಫೋರ್ ಲೋ, ಎರಡನೇ ಗೇರು. ಕಡಿದಾದ ತುಂಡಿಗೆ, ಅದು ಬರುವ ಮೊದಲೇ, ಒಂದು. ಇಳಿಯುತ್ತಿರುವಾಗ ಕ್ಲಚ್ ತುಳಿಯುವಂತಿಲ್ಲ. ತುಳಿದ ಕ್ಷಣ ಎಂಜಿನ್ನಿನ ಹಿಡಿತ ಕಳಚಿ ಟ್ರೇಲರಿನ ನೂಕಷ್ಟೇ ಉಳಿಯುತ್ತದೆ. ಟೈರಿನ ಗಾಳಿ ಕೆಸರಿಗೆ 20, ಗಟ್ಟಿ ರಸ್ತೆಗೆ ಹಿಂದಿನವು 35 ಪಿಎಸ್‌ಐ.

ತಪ್ಪಿದ್ದು ಎರಡು ಕಡೆ. ಮೂರನೇ ವಾರ ಕೊಂಡಿಯ ಬೋಲ್ಟುಗಳಲ್ಲಿ ಎರಡು ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದವು. ಅಡ್ಡಪಟ್ಟಿಗೆ ಬಳಿದ ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣ ಪುಡಿಯಾಗಿ ಉದುರಿದಷ್ಟು ಬಿಗಿಯೂ ಹೋಯಿತು. ಬಣ್ಣ ಕೆರೆದು ತಗಡಿಗೆ ತಗಡು ತಾಗಿಸಿ, ನೈಲಾನ್ ಲಾಕಿನ ನಟ್ಟು ಹಾಕಿ, ನಟ್ಟಿನಿಂದ ಪಟ್ಟಿಗೆ ಬಿಳಿ ಬಣ್ಣದ ಗೆರೆ ಎಳೆದರು. ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಎಂದು ಬೆಳಿಗ್ಗೆ ಬಗ್ಗಿ ನೋಡಿದರೇ ತಿಳಿಯುತ್ತದೆ.

ಎರಡನೆಯದು ಎರಡನೇ ತಿರುವಿನ ಒಳಬದಿ. ಅಲ್ಲಿ ಎಡ ಹಿಂಚಕ್ರ ಮೇಲೇಳುತ್ತಿತ್ತು, ಲಾಕಿಂಗ್ ಡಿಫರೆನ್ಷಿಯಲ್ ಇಲ್ಲದ ಗಾಡಿ ಅಲ್ಲೇ ಸುತ್ತುತ್ತಿತ್ತು. ಆಕ್ಸಿಲರೇಟರ್ ಒತ್ತುತ್ತಲೇ ಬ್ರೇಕನ್ನು ಲಘುವಾಗಿ ತುಳಿದರೆ ಸುತ್ತುವ ಚಕ್ರ ತಡೆದು ಇನ್ನೊಂದಕ್ಕೆ ಎಳೆತ ಹೋಗುತ್ತದೆ, ಡ್ರೈವರ್ ಕೆಲವು ದಿನ ಹಾಗೆ ಹತ್ತಿಸಿದ. ಆದರೆ ಹೊಸ ಕ್ಲಚ್ಚಿಗೂ ಲೈನರಿಗೂ ದಿನಕ್ಕೆಂಟು ಸಲ ಅದು ಒಳ್ಳೆಯದಲ್ಲ. ಜನವರಿಯಲ್ಲಿ ಆ ತಿರುವಿಗೆ ಎರಡು ಟ್ರೇಲರ್ ಸೈಜುಗಲ್ಲು ಹಾಕಿ ತಗ್ಗು ತುಂಬಿದರು. ಲಾಕಿಂಗ್ ಡಿಫರೆನ್ಷಿಯಲ್ ಇರುವ ಗಾಡಿಗೆಂದು ಹೆಚ್ಚಾಗಿ ಕೊಡಬೇಕಿದ್ದ ಹಣದ ಮುಂದೆ ಕಲ್ಲಿನ ಖರ್ಚು ಏನೂ ಅಲ್ಲ.

ಮಾರ್ಚಿನಲ್ಲಿ ರೋಬಸ್ಟಾ ಕೊಯ್ಲು ಮುಗಿದಾಗ ಹೌಸಿಂಗ್ ಆಯಿಲ್ ಇಳಿಸಿ ನೋಡಿದರು. ಹಿಂದಿನದು ಚೊಕ್ಕವಾಗಿತ್ತು. ಮುಂದಿನದರಲ್ಲಿ ಬೂದಿಬಣ್ಣದ ಛಾಯೆ ಇತ್ತು; ಬ್ರೀದರಿನ ಬಾಯಿಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಗಾಳಿ ಆಡಲು ದಾರಿಯಿಲ್ಲದೆ ಆಕ್ಸಲಿನ ಸೀಲಿನ ಬದಿಯಿಂದ ತೇವ ಎಳೆದುಕೊಂಡಿತ್ತು. ಗೂಡು ಕೆರೆದು, ಬ್ರೀದರಿಗೆ ಡೀಸೆಲ್ ಹೋಸು ಸಿಕ್ಕಿಸಿ ಬಾನೆಟ್ಟಿನ ಮೂಲೆಯವರೆಗೆ ಎಳೆದು, ತುದಿಗೆ ಹಳೆಯ ಪೆಟ್ರೋಲ್ ಫಿಲ್ಟರ್ ಕೂರಿಸಿದರು. ಟ್ರೇಲರಿಗೆ ಓವರ್‌ರನ್ ಬ್ರೇಕ್ (ಟ್ರೇಲರಿನ ನೂಕಿನಿಂದಲೇ ಹಿಡಿಯುವ ಬ್ರೇಕ್) ಕೂರಿಸುವ ಕೆಲಸ ಮಳೆಗಾಲಕ್ಕೆ ಮುಂಚೆ ಎಂದು ಇಟ್ಟುಕೊಂಡಿದ್ದಾರೆ. ಅಲ್ಲಿಯವರೆಗೆ ಎಂಟೇ ಚೀಲ.